ಕೀರ್ತನೆಯ ಕೊನೆಯ ವಚನ ಮತ್ತು ಮೊದಲ ತಾಟು

ಗೆಳೆಯರೇ, ಇವತ್ತು ವಾಡಿಯ ನಮ್ಮ ಮನೆಯಲ್ಲೇ ನನ್ನ ತಾಟು ಬೇರೆಯವನ ಪಾಲಾಯಿತು.

ನಮ್ಮ ಪ್ರಾರ್ಥನಾ ಕೂಟದಲ್ಲಿ ವಾಕ್ಯ ವಿವರಿಸಿದವರಿಗೆ ಮೊದಲ ತಾಟು ಕೊಡುವುದು ರೂಢಿ. ಎಷ್ಟೋ ವರ್ಷಗಳಿಂದ ಅದು ನನ್ನದೇ. ಇವತ್ತು ನಾನು ಬೈಬಲಿನ ಇಪ್ಪತ್ತಮೂರನೆಯ ಕೀರ್ತನೆಯ ಕೊನೆಯ ವಚನ, ‘ಶುಭವೂ ಕೃಪೆಯೂ ನನ್ನನ್ನು ಹಿಂಬಾಲಿಸುವವು’ ಎಂದು ಓದಿದ್ದೇ ತಡ, ಶಹಾಬಾದಿನಿಂದ ಬಂದಿದ್ದ ಸ್ಯಾಮುವೇಲ ಬಾಯಿ ಹಾಕಿದ. ಮೊಬೈಲಿನಲ್ಲಿ ಹೀಬ್ರೂ ಕಲಿತಿದ್ದಾನಂತೆ.

“ಅಣ್ಣಾ, ಶುಭ, ಕೃಪೆ ಹಿಂಬಾಲಿಸ್ತಾವ ಅಂದ್ರ ಸುಮ್ನ ಹಿಂದಿಂದ ಬರೂದಲ್ರಿ. ಹೀಬ್ರೂದಾಗ ಅದು ‘ರಾದಫ್’. ವೈರಿನ್ನ ಬೆನ್ನಟ್ಟಿದಂಗ ಓಡಿ ಬಂದು ಹಿಡಿತಾವ್ರಿ!”

ಎಲ್ಲರೂ ಆಮೆನ್ ಎಂದರು. ನನ್ನ ಹೆಂಡತಿಯ ಆಮೆನ್ ಎಲ್ಲರಿಗಿಂತ ಜೋರಾಗಿತ್ತು. ನಾನು ವಾಕ್ಯ ಹೇಳುವಾಗ ಆಕೆ ಆಕಳಿಸುತ್ತಾಳೆ.

ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿಯ ಮೊದಲ ತಾಟು ಅವನಿಗೇ ಹೋಯಿತು. ಕೊನೆಯದು ನನಗೆ ಬಂತು, ಬರೀ ಸುಸಲಾ.

“ಭಜಿ ಎಲ್ಲಿ?” ಎಂದೆ.

“ಮುಗದಾವ್ರಿ,” ಎಂದಳು ಹೆಂಡತಿ.

ಕೂಟ ಮುಗಿದು ಸ್ಯಾಮುವೇಲ ಬೈಕ್ ಹತ್ತಿ ಹೊರಟ. ಅಷ್ಟರಲ್ಲಿ ಹೆಂಡತಿ ಅಡುಗೆಮನೆಯಿಂದ ಪೇಪರಿನ ಪೊಟ್ಟಣ ಹಿಡಿದು, ಆ ಬಿಸಿಲಿನಲ್ಲಿ ಬರಿಗಾಲಲ್ಲೇ ಓಡಿದಳು.

“ನಿಂದ್ರಪಾ ತಮ್ಮಾ! ನಿನ್ನ ಸಲುವಾಗಿ ಭಜಿ ತೆಗದಿಟ್ಟೀನಿ!”

ಓಣಿಯ ತುದಿಯಲ್ಲಿ ಅವನನ್ನು ಹಿಡಿದೇಬಿಟ್ಟಳು.

ಅವನ ಹೀಬ್ರೂ ತಪ್ಪೆಂದು ಸಾಧಿಸಲು ಮಧ್ಯಾಹ್ನವೆಲ್ಲ ಮೊಬೈಲ್ ಜಾಲಾಡಬೇಕೆಂದಿದ್ದೆ. ಈಗ ಬಿಟ್ಟುಬಿಟ್ಟೆ. ಶುಭವೂ ಕೃಪೆಯೂ ಬೆನ್ನಟ್ಟಿ ಹಿಡಿಯುವುದನ್ನು ಕಣ್ಣಾರೆ ಕಂಡಾಯಿತು. ನನ್ನನ್ನಲ್ಲ, ಅಷ್ಟೇ.