ಬಾರ್ ಆದ ಪ್ರಾರ್ಥನಾಲಯ

ವೈಟ್‌ಚಾಪೆಲ್‌ನ ಈ ಬಾರ್ ಒಂದು ಕಾಲಕ್ಕೆ ಯಹೂದಿಗಳ ಪ್ರಾರ್ಥನಾಲಯವಾಗಿತ್ತಂತೆ. ಹಾಗೆಂದು ಹೇಳುವ ಒಂದು ಬೋರ್ಡೂ ಹೊರಗಿಲ್ಲ. ಕಿಂಗ್ಸ್‌ಬರಿಯಲ್ಲಿ ನನ್ನ ಅಕ್ಕನ ಪಕ್ಕದ ಮನೆಯ ಯಹೂದಿ ಅಜ್ಜ ಚಿಕ್ಕಂದಿನಲ್ಲಿ ಅಪ್ಪನ ಕೈ ಹಿಡಿದು ಬರುತ್ತಿದ್ದುದು ಇಲ್ಲಿಗೇ. ಇವತ್ತು ಅದನ್ನು ತೋರಿಸಲು ಅಕ್ಕನನ್ನೂ ನನ್ನನ್ನೂ ಟ್ಯೂಬ್ ರೈಲಿನಲ್ಲಿ ಕರೆತಂದರು.

ದೇವರ ಜಾಗವಲ್ಲವೇ ಎಂದು ನಾನು ಬಾಗಿಲಲ್ಲೇ ಬೂಟು ಬಿಚ್ಚತೊಡಗಿದೆ. ಅಜ್ಜ ನಕ್ಕು ತಡೆದರು. ತಮ್ಮವರು ಬೂಟು ಬಿಡುವುದಿಲ್ಲ, ತಲೆ ಮುಚ್ಚಿಕೊಳ್ಳುತ್ತಾರೆ ಎಂದು ಹೇಳಿ, ಜೇಬಿನಿಂದ ಪುಟ್ಟ ಟೋಪಿ ತೆಗೆದು ಹಾಕಿಕೊಂಡರು.

ಧರ್ಮಗ್ರಂಥದ ಸುರುಳಿಗಳನ್ನು ಇಡುತ್ತಿದ್ದ ಗೂಡಿನ ತುಂಬ ಈಗ ವಿಸ್ಕಿ ಬಾಟಲಿಗಳು, ಅದರ ಕೆಳಗೆ ಸಾಲಾಗಿ ಬಿಯರ್ ಗ್ಲಾಸುಗಳು. ಅಜ್ಜ ಅದರ ಮುಂದೆ ಹೋಗಿ ನಿಂತರು. ಅಷ್ಟರಲ್ಲಿ ಮ್ಯಾನೇಜರ್ ಬಂದ.

"ಸಾರಿ ಸರ್, ಇಲ್ಲಿ ಟೋಪಿ ಹಾಕೋ ಹಾಗಿಲ್ಲ," ಎಂದ ಇಂಗ್ಲಿಷಿನಲ್ಲಿ.

ಅಜ್ಜನ ಕೈ ಆಗಲೇ ಟೋಪಿಯ ಮೇಲಿತ್ತು. ಅಕ್ಕ ಆ ಕೈಯನ್ನು ಗಟ್ಟಿಯಾಗಿ ಹಿಡಿದು ಕೆಳಗಿಳಿಸಿದಳು. ಧಾರವಾಡದ ಗುಡಿಯಲ್ಲಿ ನಿಂತಂತೆ ತಲೆಯ ಮೇಲೆ ಸೆರಗು ಎಳೆದುಕೊಂಡು, ನನ್ನ ಕಡೆ ತಿರುಗಿದಳು.

"ನೀನೂ ತಲಿಗೆ ಕರ್ಚೀಪ್ ಕಟ್ಕೋ. ಮೂರೂ ಮಂದೀದು ಹೆಂಗ ತೆಗಸ್ತಾನ, ನೋಡೇಬಿಡೂಣು."