ಹೊಗಳದ ನಾಲಿಗೆ

ಲೊಚ್.

ನೀಲಗಂಗಮ್ಮ ಮಜ್ಜಿಗೆ ಲೋಟಕ್ಕೆ ಉಪ್ಪು ಹಾಕುತ್ತಿದ್ದಾಗ ಆ ಸದ್ದು ಕೇಳಿಸಿತು. ಹಲ್ಲಿ ಎಂದುಕೊಂಡರು. ಹಲ್ಲಿ ಲೊಚಗುಟ್ಟಿದರೆ ಆ ಕ್ಷಣ ಮನಸ್ಸಿನಲ್ಲಿದ್ದದ್ದು ನಿಜವಾಗುತ್ತದೆ ಎಂದು ಅವರ ತವರಿನಲ್ಲಿ ನಂಬುತ್ತಿದ್ದರು. ಅಭ್ಯಾಸಬಲದಿಂದ ಬೆರಳ ಗೆಣ್ಣಿನಿಂದ ಅಡುಗೆಕಟ್ಟೆಯನ್ನು ತಟ್ಟಿ "ಶಿವ ಶಿವ" ಎಂದರು. ಆದರೆ ಮನಸ್ಸಿನಲ್ಲಿ ಏನೂ ಇರಲಿಲ್ಲ, ಗೋಡೆಯ ಮೇಲೆ ಹಲ್ಲಿಯೂ ಇರಲಿಲ್ಲ. ಒಂದು ಗುಟುಕು ಕುಡಿದಾಗ ಗೊತ್ತಾಯಿತು, ಉಪ್ಪು ಎರಡು ಸಲ ಬಿದ್ದಿದೆ.

ಕಿಟಕಿಯ ಪಕ್ಕ ತೂಗುಹಾಕಿದ್ದ ಕ್ಯಾಲೆಂಡರಿನ ತಿಂಗಳು ಬದಲಿಸಲು ಹೋದರು. ಎರಡು ಹಾಳೆ ಒಟ್ಟಿಗೇ ಮಗುಚಿಕೊಂಡವು. ಮತ್ತೆ ಲೊಚ್.

ಈ ಸಲ ಗುರುತು ಹತ್ತಿತು. ಅದು ಹಲ್ಲಿಯ ಸದ್ದಲ್ಲ, ಅವರದೇ ನಾಲಿಗೆಯ ಸದ್ದು. ಪಾಠ ಹೇಳುವಾಗ ಮಗು ತಪ್ಪಿದ ಕ್ಷಣವೇ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಬಿಡುವ ಆ ಸದ್ದು ಈಗ ಅವರ ಬಾಯಿಂದ ಬಂದಿರಲಿಲ್ಲ.

ಅಡುಗೆಮನೆಯ ಕಿಟಕಿ ಮೆಟ್ಟಿಲ ಕಡೆಗೆ ತೆರೆದುಕೊಳ್ಳುತ್ತದೆ. ಬಗ್ಗಿ ನೋಡಿದರು. ಮೇಲಿನ ಮನೆಯ ಅಂಜನಾ ಮೆಟ್ಟಿಲ ಮೇಲೆ ಕೂತಿದ್ದಳು. ಅವರಲ್ಲಿಗೇ ಟ್ಯೂಷನ್ನಿಗೆ ಬರುವ ಎರಡನೇ ಕ್ಲಾಸಿನ ಹುಡುಗಿ, ಮಡಿಲಲ್ಲಿ ಕೈ ಜೋಡಿಸಿಕೊಂಡು, ಕಣ್ಣ ರೆಪ್ಪೆ ಬಡಿಯದೆ ಉಪ್ಪಿನ ಡಬ್ಬಿಯನ್ನೇ ನೋಡುತ್ತಿದ್ದಳು.

"ಯಾವಾಗ ಬಂದ್ಯೇ?"

ಅಂಜನಾಳ ನೋಟ ಡಬ್ಬಿಯಿಂದ ಕದಲಲಿಲ್ಲ.

ಕುಮಾರಸ್ವಾಮಿ ಲೇಔಟಿನ ಈ ಬೀದಿಯಲ್ಲಿ ನೀಲಗಂಗಮ್ಮನವರನ್ನು ಎಲ್ಲರೂ ಮಿಸ್ ಎಂದೇ ಕರೆಯುತ್ತಾರೆ. ಹೊಸದುರ್ಗದ ಕಡೆಯವರು. ಸರ್ಕಾರಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದ ಮೇಲೆ, ಚಿಕ್ಕಬೈರಪ್ಪನವರ ಕಟ್ಟಡದ ಕೆಳಮನೆಯಲ್ಲಿ ಬಾಡಿಗೆಗಿದ್ದುಕೊಂಡು ಸಂಜೆ ಟ್ಯೂಷನ್ ನಡೆಸುತ್ತಾರೆ. ಅವರ ಹತ್ತಿರ ಕಲಿತ ಮಕ್ಕಳು ತಪ್ಪು ಮಾಡುವುದಿಲ್ಲ ಎಂಬುದು ಬೀದಿಯ ನಂಬಿಕೆ. ಅವರು ಹೊಡೆದವರಲ್ಲ, ಬೈದವರೂ ಅಲ್ಲ. ತಪ್ಪಿಗೆ ಒಂದು ಲೊಚ್, ಸರಿಯಾದರೆ ಏನೂ ಇಲ್ಲ. ಭೇಷ್ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಯಾರೂ ಕೇಳಿಲ್ಲ.

ಹೊಗಳಲಾರದಷ್ಟು ಕಲ್ಲುಮನಸ್ಸಿನವರೇನೂ ಅಲ್ಲ. ಅವರು ಚಿಕ್ಕವರಿದ್ದಾಗ ತಮ್ಮ ಸಂಗಮೇಶ, ಊರಿನ ಮಠದ ಸಭೆಯಲ್ಲಿ ನಿಂತು, ಎಲ್ಲೂ ತಡವರಿಸದೆ ವಚನ ಹೇಳಿದ್ದ. ಊರೆಲ್ಲ ಅವನ ಗಲ್ಲ ಸವರಿ, ಇಂಥ ಮಗು ಇಲ್ಲ ಎಂದಿತ್ತು. ಮಾರನೆಯ ದಿನ ಜ್ವರ ಬಂತು. ವಾರ ಕಳೆಯುವಷ್ಟರಲ್ಲಿ ಹುಡುಗ ತೀರಿಕೊಂಡ, ಮನೆಯಲ್ಲಿ ಆ ದನಿ ಇರಲಿಲ್ಲ. ದೃಷ್ಟಿ ತಾಗಿತು ಎಂದರು. ಅಲ್ಲಿಂದ ಮುಂದೆ ಯಾರಾದರೂ ನೀಲಗಂಗಮ್ಮನನ್ನು ಹೊಗಳಲು ಬಾಯಿ ತೆರೆದರೆ ಸಾಕು, ತಾಯಿ ನಡುವೆಯೇ ಒಂದು ಕೊರತೆ ಎತ್ತಿ ಆಡುತ್ತಿದ್ದರು. "ಜಾಣೆ ಏನ್ ಬಂತು, ಮೂಗು ನೋಡಿ ಮೊಂಡು." ಹಾಗೆ ಅಂದಾಗಲೆಲ್ಲ ತಾಯಿಯ ಕೈ ಮಗಳ ತೋಳನ್ನು ಬಿಗಿಯಾಗಿ ಹಿಡಿದಿರುತ್ತಿತ್ತು. ತಪ್ಪು ತೋರಿಸುವುದೆಂದರೆ ಕಾಪಾಡುವುದು ಎಂದು ನೀಲಗಂಗಮ್ಮ ಕಲಿತದ್ದು ಆ ಹಿಡಿತದಿಂದ. ತಾವು ತಿದ್ದಿದ ಒಂದೊಂದು ಮಗುವನ್ನೂ ಅವರು ಹಾಗೆಯೇ ಹಿಡಿದುಕೊಂಡಿದ್ದರು.

ಮೇಲಿನಿಂದ ಅಂಜನಾಳ ತಾಯಿ ರಮ್ಯ ಇಳಿದು ಬಂದಳು.

"ಇಲ್ಲಿದಾಳಾ? ಮನೆಯೆಲ್ಲ ಹುಡುಕಿದೆ ಮಿಸ್. ಕೂಗಿದ್ರೆ ಓ ಅನ್ನೋದಾದ್ರೂ ಬೇಡ್ವಾ?" ಮಗಳನ್ನು ಮೇಲೆ ಕಳಿಸಿ, ಅವಳು ತಿರುವಿನಲ್ಲಿ ಮರೆಯಾಗುವವರೆಗೆ ಕಾದಳು. "ಮಾತು ನಿಂತು ತಿಂಗಳಾಗ್ತಾ ಬಂತು. ಜೆ.ಪಿ. ನಗರದಲ್ಲಿ ಡಾಕ್ಟರ್‌ಗೆ ತೋರಿಸಿದ್ವಿ. ಕಿವಿ ಸರಿ ಇದೆ, ಗಂಟಲು ಸರಿ ಇದೆ, ತಪ್ಪಾಗುತ್ತೆ ಅಂತ ಹೆದರ್ಕೊಂಡು ಬಾಯೇ ಬಿಡ್ತಿಲ್ಲ ಅಂದ್ರು. ಹೀಗೇ ಬಿಟ್ರೆ ಮಾತೇ ಮರೆತುಹೋಗಬಹುದಂತೆ. ಅವರಪ್ಪ ಕತೆ ಹೇಳೋಕೆ ಕೂತ್ರೆ ಲೊಚ್ ಅಂತಾಳೆ. ಅವರು ಪಾಪ ಸಿಂಹ ಯಾವ ಕಾಡಲ್ಲಿತ್ತು ಅನ್ನೋದನ್ನೇ ಮರೆತುಬಿಡ್ತಾರೆ."

"ನನ್ನಿಂದ ಆಯ್ತು ಅಂತಿದೀಯಾ?"

"ಅಯ್ಯೋ ಹಾಗಲ್ಲ. ನೀವು ಒಂದ್ಸಲ ಚೆನ್ನಾಗಿದೆ ಅನ್ನಿ ಅಷ್ಟೆ. ನಮ್ಮ ಮಾತಿಗೆ ಬೆಲೆ ಇಲ್ಲ ಮಿಸ್. ಹಲ್ಲುಜ್ಜಿದ್ರೆ ಸೂಪರ್, ಚಪ್ಪಲಿ ಹಾಕ್ಕೊಂಡ್ರೆ ಸೂಪರ್. ಹೇಳಿ ಹೇಳಿ ಸವೆದುಹೋಗಿದೆ. ನಿಮ್ಮ ಬಾಯಲ್ಲಿ ಬಂದ್ರೆ ಅವಳು ನಂಬ್ತಾಳೆ."

"ಮಗು ಮುಂದೆ ಹಾಗೆಲ್ಲ ಅನ್ನಬಾರದು ಕಣಮ್ಮ."

"ಅಂದ್ರೆ ಏನಾಗುತ್ತೆ?"

ನೀಲಗಂಗಮ್ಮ ಒರೆಸಿಟ್ಟಿದ್ದ ಲೋಟವನ್ನೇ ಮತ್ತೆ ಒರೆಸಿದರು.

ಸಂಜೆ ಮಕ್ಕಳು ಬಂದು ಚಾಪೆಯ ಮೇಲೆ ಸಾಲಾಗಿ ಕೂತರು. ಗೇಟಿನ ಹತ್ತಿರ ಗಿಡಗಳಿಗೆ ನೀರು ಬಿಡುತ್ತಿದ್ದ ಚಿಕ್ಕಬೈರಪ್ಪ ಬಾಗಿಲಲ್ಲಿ ಇಣುಕಿ ನಕ್ಕರು.

"ಏನ್ ಮೇಡಂ, ಇಷ್ಟು ಮಕ್ಕಳಿದ್ರೂ ಟ್ಯೂಷನ್ ನಡೀತಿದೆಯೋ ಇಲ್ವೋ ಗೊತ್ತೇ ಆಗಲ್ಲ. ಇದು ನಮ್ಮ ಹೊಲ ಆಗಿದ್ದಾಗ ಕಪ್ಪೆಗಳಾದ್ರೂ ವಟಗುಟ್ತಿದ್ವು."

ಅವರು ಆಚೆ ಹೋದ ಮೇಲೆ ನೀಲಗಂಗಮ್ಮ ಮಕ್ಕಳನ್ನು ಹೊಸದಾಗಿ ನೋಡಿದರು. ಹೌದು, ಒಬ್ಬರೂ ಪಿಸುಗುಡುತ್ತಿರಲಿಲ್ಲ, ಮಂಡಿ ಕೆರೆದುಕೊಳ್ಳುತ್ತಿರಲಿಲ್ಲ. ರಘು ಎಂಬ ಹುಡುಗನಿಗೆ ಮಗ್ಗಿ ಹೇಳಲು ಹೇಳಿದರು. ಅವನು ಏಳರ ಮಗ್ಗಿಯಲ್ಲಿ ಎಡವಿದ. ನೀಲಗಂಗಮ್ಮನ ನಾಲಿಗೆ ಏಳುವ ಮುಂಚೆಯೇ ಸದ್ದು ಬಂತು. ಲೊಚ್. ಚಾಪೆಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲ ಬಾಯಿಗಳಿಂದ, ಒಂದೇ ಗಳಿಗೆಗೆ, ಒಂದೇ ಅಳತೆಯಲ್ಲಿ. ಯಾವ ಮುಖವೂ ನಗಲಿಲ್ಲ. ರಘು ತಾನೂ ತನಗೇ ಲೊಚಗುಟ್ಟಿಕೊಂಡು ಕೂತ.

ಕೋಣೆಯ ತುಂಬ ತಾವೇ ಚಿಕ್ಕವರಾಗಿ ಕೂತು ತಮ್ಮನ್ನೇ ನೋಡುತ್ತಿರುವಂತಿತ್ತು.

"ಅಂಜನಾ, ಏಳಮ್ಮ. ನೀನು ಹೇಳು."

ಅವಳು ಎದ್ದು ನಿಂತಳು. ತುಟಿ ಬಿಗಿದೇ ಇತ್ತು.

ರಮ್ಯ ಕೇಳಿದ ಆ ಮಾತನ್ನು ಹೇಳಿಬಿಡಬೇಕು ಎಂದುಕೊಂಡರು. "ಪರವಾಗಿಲ್ಲ ಬಿಡು. ನೀನು ಜಾಣೆ."

ಹುಡುಗಿ ಅವರನ್ನು ನೆಟ್ಟ ನೋಟದಿಂದ ನೋಡಿದಳು. ಲೊಚ್ ಎಂದಳು. ಅವಳ ಹಿಂದೆ ಚಾಪೆಯೆಲ್ಲ ಲೊಚ್ ಎಂದಿತು.

ನೀಲಗಂಗಮ್ಮನಿಗೆ ಕೋಪ ಬರಲಿಲ್ಲ. ಹುಡುಗಿ ತಿದ್ದಿದ್ದು ಸರಿಯಾಗಿತ್ತು. ಬಾಯೇ ಬಿಡದವಳನ್ನು ಯಾತಕ್ಕೆ ಜಾಣೆ ಎಂದೆ? ನೋಡದೆ ಆಡಿದ ಮಾತು, ಉತ್ತರ ನೋಡದೆ ಹಾಕಿದ ಮಾರ್ಕಿನ ಹಾಗೆ. ಹಾಗಾದರೆ ಈ ಮಗುವಿನಲ್ಲಿ ತಾನು ನಿಜವಾಗಿ ಕಂಡದ್ದೇನು? ಅವರು ನೆಲಕ್ಕೆ ಕೈಯೂರಿ ಬಾಗಿ, ಅವಳ ಕಣ್ಣಿಗೆ ಕಣ್ಣು ಸಮ ಮಾಡಿಕೊಂಡರು.

"ಮಧ್ಯಾಹ್ನ ನಾನು ಎರಡು ಸಲ ಉಪ್ಪು ಹಾಕಿದೆ. ನನಗೇ ಗೊತ್ತಾಗಲಿಲ್ಲ. ನೀನು ಅಷ್ಟು ದೂರದಿಂದ ನೋಡಿದೆ. ಅಂಥ ಕಣ್ಣು ನನಗಿಲ್ಲ ಕಣೇ. ಒಳ್ಳೇ ಕಣ್ಣು ನಿಂದು."

ಯಾರೂ ಲೊಚಗುಟ್ಟಲಿಲ್ಲ. ಮಿಸ್ ತಪ್ಪು ಮಾಡಿದ್ದನ್ನು ಮಿಸ್ ಬಾಯಲ್ಲೇ ಕೇಳಿದ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂಜನಾಳ ತುಟಿ ತುಸು ಬಿಚ್ಚಿತು. ಒಳಗಿನಿಂದ ಉಸಿರಿನಂಥ ಒಂದು ಸದ್ದು ಬಂತು, ಬಹಳ ದಿನ ಮುಚ್ಚಿದ್ದ ಬಾಗಿಲನ್ನು ಮೊದಲ ಸಲ ತಳ್ಳಿದಾಗ ಬರುವ ಹಾಗೆ. ಮಾತು ಬರಲಿಲ್ಲ. ಆದರೆ ಮನೆಗೆ ಹೋಗುವಾಗ ಅವಳು ಬಾಗಿಲಲ್ಲಿ ನಿಂತು ತಿರುಗಿ ನೋಡಿದಳು.

ಮಕ್ಕಳೆಲ್ಲ ಹೋದ ಮೇಲೆ ಭಯ ಬಂತು. ಹೊಗಳಿಬಿಟ್ಟಿದ್ದರು. ಅದೂ ಕಣ್ಣಿನ ಬಗ್ಗೆ, ನಡುವೆ ಒಂದು ಕೊರತೆಯನ್ನೂ ಸೇರಿಸದೆ. ಮೆಟ್ಟಿಲ ಬುಡದಲ್ಲಿ ನಿಂತು ಮೇಲಕ್ಕೆ ಕೂಗಿ ಏನಾದರೂ ತಪ್ಪು ತೆಗೆದುಬಿಡಲೇ ಎಂದು ಯೋಚಿಸಿದರು. ಜಡೆ ಸರಿಯಿಲ್ಲ ಎಂದರೂ ಸಾಕಿತ್ತು. ಆದರೆ ಈಗಷ್ಟೇ ಬಿಚ್ಚಿದ ಆ ತುಟಿ ಕಣ್ಣಿಗೆ ಕಟ್ಟಿತು. ಸುಮ್ಮನೆ ಒಳಗೆ ಬಂದು, ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು, ಮೇಲಿನ ಮನೆಯ ಕಡೆ ನಿವಾಳಿಸಿ, ಬೆಂಕಿಗೆ ಹಾಕಿದರು. ದೃಷ್ಟಿ ಇಲ್ಲದಿದ್ದರೆ ಘಾಟಿಗೆ ಕೆಮ್ಮು ಬರಬೇಕು. ಮೆಣಸಿನಕಾಯಿ ಸಿಡಿದು ಕಪ್ಪಾಗಿ ಬೂದಿಯಾಯಿತು. ಘಾಟೇ ಬರಲಿಲ್ಲ. ಮೂಗನ್ನು ಒಲೆಯ ಹತ್ತಿರ ಒಯ್ದರು. ಏನೂ ಇಲ್ಲ.

ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತಿದ್ದಾಗ ರಮ್ಯ ಒದ್ದೆ ಟವೆಲ್ ಹಿಡಿದುಕೊಂಡೇ ಇಳಿದು ಬಂದಳು.

"ಮಿಸ್, ಅವಳಿಗೆ ಜ್ವರ."

ನೀಲಗಂಗಮ್ಮನ ಕೈಯಲ್ಲಿದ್ದ ಚೆಂಬು ವಾಲಿ ನೀರು ಕಾಲ ಮೇಲೆ ಚೆಲ್ಲಿತು.

"ಗಾಬರಿ ಆಗಬೇಡಿ, ವೈರಲ್ ಇರಬೇಕು, ಅವಳ ಕ್ಲಾಸಲ್ಲಿ ಅರ್ಧಕ್ಕರ್ಧ ಮಕ್ಕಳಿಗೆ ಬಂದಿದೆ. ಸಿರಪ್ ಹಾಕಿದೀನಿ. ಅದಲ್ಲ ನಾನು ಹೇಳೋಕೆ ಬಂದಿದ್ದು." ರಮ್ಯ ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು. "ಮಾತಾಡ್ತಿದಾಳೆ ಮಿಸ್. ಎದ್ದಾಗಿಂದ ನಿಲ್ಲಿಸ್ತಾನೇ ಇಲ್ಲ. ಗೋಡೆ ಕಡೆ ತಿರುಗ್ಕೊಂಡು, ಅಲ್ಲಿ ಯಾರೋ ಕೂತಿರೋ ಹಾಗೆ. ಒಂದಕ್ಕೊಂದು ಸಂಬಂಧ ಇಲ್ಲ, ಎಲ್ಲ ತಪ್ಪು ತಪ್ಪು. ಏನ್ ಹೇಳಿದ್ರಿ ನೀವು ನಿನ್ನೆ?"

"ಜ್ವರ ಎಷ್ಟಿದೆ?"

"ಇಳಿಯುತ್ತೆ ಬಿಡಿ. ಅವರಪ್ಪ ಅಂತೂ ಹಾಸಿಗೆ ಪಕ್ಕ ಕೂತು ಹೂಂ ಹೂಂ ಅಂತ ಕೇಳ್ತಿದಾರೆ, ಅಂಗಡಿಗೂ ಹೋಗಿಲ್ಲ."

ಆಗ ಮೇಲಿನ ಕಿಟಕಿಯಿಂದ ದನಿ ಬಂತು. ತೆಳ್ಳಗೆ, ಬಿರುಸಾಗಿ, ಉಸಿರು ಎಳೆದುಕೊಳ್ಳಲೂ ಪುರುಸೊತ್ತಿಲ್ಲದ ದನಿ. ಬಾವಿಯೊಳಗೆ ಬಸ್ಸು ಹೋಯ್ತು, ಬಸ್ಸಲ್ಲಿರೋರೆಲ್ಲ ಕೆಳಗಿಂದ ಕೈ ಬೀಸ್ತಾ ಇದಾರೆ, ಅವರಿಗೆ ನಾನು ಟಾಟಾ ಮಾಡ್ದೆ, ಅವರೂ ನನ್ನ ಹೆಸರು ಹೇಳ್ತಾರೆ.

ನೀಲಗಂಗಮ್ಮನ ನಾಲಿಗೆ ತಾನಾಗಿ ಅಂಗುಳದ ಕಡೆ ಎದ್ದಿತು. ಅದನ್ನು ಹಲ್ಲುಗಳ ನಡುವೆ ಕಚ್ಚಿ ಹಿಡಿದರು.

"ಕೇಳಿಸ್ತಾ?" ರಮ್ಯ ಕೇಳಿದಳು. "ಅದಕ್ಕೇ ನಿಮ್ಮನ್ನ ಕೇಳೋಣ ಅಂತ ಬಂದೆ. ಈಗ ತಪ್ಪು ಹೇಳಿದ್ರೆ ತಿದ್ದಬೇಕಾ, ಹಾಗೇ ಬಿಡಬೇಕಾ? ಬಿಟ್ರೆ ಅದೇ ಅಭ್ಯಾಸ ಆಗುತ್ತಾ? ಡಾಕ್ಟರನ್ನ ಕೇಳೋಣ ಅಂದ್ರೆ ಅವರು ಸಿಗೋದು ಹನ್ನೊಂದು ಗಂಟೆ ಮೇಲೆ, ಅಷ್ಟರಲ್ಲಿ..."

ನೀಲಗಂಗಮ್ಮ ಚೆಂಬನ್ನು ಹೊಸಿಲ ಮೇಲೆ ಇಟ್ಟರು. ರಮ್ಯ ಇನ್ನೂ ಮಾತಾಡುತ್ತಿದ್ದಂತೆಯೇ ಅವಳನ್ನು ದಾಟಿ, ಒದ್ದೆ ಕಾಲಲ್ಲೇ, ಕಂಬಿ ಹಿಡಿದುಕೊಂಡು ಆ ದನಿಯ ಕಡೆಗೆ ಮೆಟ್ಟಿಲು ಹತ್ತತೊಡಗಿದರು.