ರುಮಾಲು ಸಣ್ಣಾಗುತನಕ

1985ರಲ್ಲಿ ನಾನು ಅಫಜಲಪುರ ತಾಲೂಕಿನ ಒಂದು ಪೊಲೀಸ್ ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿದ್ದೆ. ಚಿತ್ರದುರ್ಗದ ಕಡೆಯವನಾದ ನನಗೆ ಭೀಮಾ ತೀರದ ಬಿಸಿಲೂ ಅಲ್ಲಿನ ಮಾತೂ ಒಗ್ಗಲು ಒಂದು ವರ್ಷವೇ ಹಿಡಿಯಿತು. ಎತ್ತು ಕಳುವಾದದ್ದು, ಬದುವಿನ ಜಗಳ, ಸಂತೆಯಲ್ಲಿ ಜೇಬು ಕತ್ತರಿಸಿದ್ದು, ಇವು ನನ್ನ ದಿನದ ಕೆಲಸ. ಹಾಡಿಗೂ ನನಗೂ ಎಣ್ಣೆ ಸೀಗೇಕಾಯಿ. ರೇಡಿಯೋದಲ್ಲಿ ವಾರ್ತೆ ಮುಗಿದೊಡನೆ ಎದ್ದು ಆರಿಸುವವನು ನಾನು. ಹೆಂಡತಿ ಮತ್ತೆ ಹಾಕುತ್ತಿದ್ದಳು. ಅಂಥವನ ಮೇಜಿನ ಮುಂದೆ ಆ ವರ್ಷ ಒಂದು ಹಾಡಿನ ಮೇಲೆ ದೂರು ಬಂತು. ಈಗ ಬರೆಯುವಾಗ ಎಲ್ಲರ ಹೆಸರನ್ನೂ ಬದಲಿಸಿದ್ದೇನೆ, ಕೆಲವು ಊರುಗಳ ಹೆಸರನ್ನು ಹೇಳುವುದೇ ಇಲ್ಲ.

ಮೊಹರಂ ಆ ಸಲ ಸೆಪ್ಟೆಂಬರಿನಲ್ಲಿ ಬಿದ್ದಿತ್ತು. ಆ ಭಾಗದಲ್ಲಿ ಅದು ಜಾತಿ ಧರ್ಮ ಕೇಳದೆ ಊರೆಲ್ಲ ಸೇರುವ ಆಚರಣೆ. ಅಲಾಯಿ ಕುಣಿ ಎಂಬ ಬೆಂಕಿಗುಂಡಿಯ ಸುತ್ತ ಹೆಜ್ಜೆ ಹಾಕುತ್ತ, ಕರ್ಬಲಾದಲ್ಲಿ ನೀರಿಲ್ಲದೆ ಮಡಿದವರ ಶೋಕವನ್ನು ಜನ ಕನ್ನಡದಲ್ಲಿ ಹಾಡುತ್ತಾರೆ. ಇವಕ್ಕೆ ರಿವಾಯತ್ ಪದ ಎಂದು ಹೆಸರು. ಒಬ್ಬ ಮೊದಲ ಸಾಲು ಎತ್ತುತ್ತಾನೆ, ಮೇಳದವರು ಎರಡನೆಯದನ್ನು ಮುಗಿಸುತ್ತಾರೆ. ಪದ ಕಟ್ಟುವವರು ಪ್ರತಿ ವರ್ಷ ಹೊಸದನ್ನು ಕಟ್ಟಿಕೊಡಬೇಕು. ಕರ್ಬಲಾದಲ್ಲಿ ಶುರುವಾದ ಪದ ಊರಿನದೇ ಒಂದು ದುಃಖಕ್ಕೆ ಬಂದು ನಿಲ್ಲುವುದೂ ಉಂಟು. ಹಬ್ಬಕ್ಕೆ ಎಷ್ಟೋ ದಿನ ಮೊದಲೇ ಕಲಿಕೆ ನಡೆಯುವುದರಿಂದ ಪದ ಊರಿಂದೂರಿಗೆ ಹರಡಿರುತ್ತದೆ.

ಮೊದಲು ಬಂದವರು ಮಣ್ಣೂರ ಕಡೆಯ ಹಳ್ಳಿಯೊಂದರ ಜಮೀನುದಾರರು. ಕುರ್ಚಿ ಎಳೆದುಕೊಂಡು ಕೂತರು.

"ಸಾಹೇಬ್ರ, ಆ ಪಿಂಜಾರ ಲಾಲಸಾಬ ನಮ್ಮ ಮನಿ ಮಾನ ಹರಾಜಿಗೆ ಇಟ್ಟಾನ್ರಿ. ಊರೂರು ಅದೇ ಪದ ಹಾಡಿಸಾಕತ್ತಾನ."

"ಪದದಾಗ ನಿಮ್ಮ ಹೆಸರು ಅದ ಏನ್ರಿ?"

"ಹೆಸರು ಯಾಕ ಬೇಕ್ರಿ? ಕೇಳಿದವರಿಗೆ ತಿಳೀತದ."

ಲಾಲಸಾಬ ಹತ್ತಿ ಹಿಂಜಿ ಗಾದಿ ಮಾಡುವವನು. ಹೆಗಲ ಮೇಲೆ ಉದ್ದನೆಯ ಕಮಾನು ಹೊತ್ತು ಹಳ್ಳಿ ಹಳ್ಳಿ ಅಲೆಯುತ್ತಿದ್ದ. ಗಾದಿ ಮಾಡಲು ಇವರ ಪಡಸಾಲೆಯಲ್ಲಿ ಕೂತಿದ್ದಾಗ ಒಳಗಿನದನ್ನೆಲ್ಲ ನೋಡಿಕೊಂಡು ಹೋಗಿ ಪದ ಕಟ್ಟಿದ್ದಾನೆ ಎಂಬುದು ಅವರ ವಾದ. ಅವರ ಸೊಸೆ ಎರಡು ವರ್ಷದ ಹಿಂದೆ ಹೊಳೆಯಲ್ಲಿ ಕಾಲು ಜಾರಿ ತೀರಿಹೋಗಿದ್ದಳು. ಅದು ನಮ್ಮ ಭಾಷೆಯಲ್ಲಿ ಅಸಹಜ ಸಾವು, ಅಂದರೆ ಅಪರಾಧ ನಡೆದಿದೆ ಎಂದು ಸಾಬೀತಾಗದ, ಆದರೂ ದಾಖಲಿಸಲೇಬೇಕಾದ ಸಾವು.

ಎರಡು ದಿನ ಬಿಟ್ಟು ಅಫಜಲಪುರದ ಒಬ್ಬ ವ್ಯಾಪಾರಿ ಬಂದರು. ಅವರ ಸೊಸೆ ತವರಿಗೆ ಹೋದವಳು ತಿರುಗಿ ಬಂದಿರಲಿಲ್ಲ. ಅವರದೂ ಅದೇ ಮಾತು: ಲಾಲಸಾಬ ನಮ್ಮ ಮನೆಯ ಗಾದಿ ಹೊಲಿದವನು, ಪದ ನಮ್ಮ ಮೇಲೆಯೇ. ನನಗೆ ಒಳಗೊಳಗೇ ನಗು ಬಂತು. ಒಂದೇ ಪದಕ್ಕೆ ಇಬ್ಬರು ವಾರಸುದಾರರು, ಇಬ್ಬರಿಗೂ ಆಸ್ತಿ ಬೇಡ.

ಮೂರನೆಯವರು ಗುರುಲಿಂಗಪ್ಪ, ಹೊಳೆ ಬದಿಯ ಇನ್ನೊಂದು ಹಳ್ಳಿಯವರು. ಅವರ ಧಾಟಿಯೇ ಬೇರೆ. ಪದ ತಮ್ಮ ಮೇಲೆ ಎಂದು ಅವರು ಹೇಳಲಿಲ್ಲ. ಅದೆಲ್ಲ ಸುಳ್ಳು, ಅಂಥದ್ದೇನೂ ತಮ್ಮ ಮನೆಯಲ್ಲಿ ಇಲ್ಲ, ಲಾಲಸಾಬನನ್ನು ತಮ್ಮೂರಿಗೆ ಕಾಲಿಡಗೊಡಬಾರದು ಎಂದರು. ನಾನು ಆ ತನಕ ಪದವನ್ನು ಕೇಳಿಯೇ ಇರಲಿಲ್ಲ. ಏನೂ ಪ್ರಶ್ನಿಸದೆ ಸುಮ್ಮನೆ ಕೂತಿದ್ದೆ. ಅವರು ಎದ್ದು ಬಾಗಿಲ ತನಕ ಹೋಗಿ ನಿಂತರು.

"ತುಂಬತೋಳ ಕುಪ್ಪಸ ತೊಡೋದು ನಮ್ಮ ಮನಿ ರಿವಾಜ್ ಅದರಿ, ಸಾಹೇಬ್ರ."

ಉದ್ದ ತೋಳಿನ ಕುಪ್ಪಸದ ಮಾತು ಯಾಕೆ ಬಂತೆಂದು ನನಗೆ ತಿಳಿಯಲಿಲ್ಲ. ಆದರೆ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟವರನ್ನು ಪೊಲೀಸಿನವನು ಬೇಗ ಮರೆಯುವುದಿಲ್ಲ.

ನಮ್ಮ ಮೇಲಧಿಕಾರಿಗಳು, ಹಬ್ಬದ ಹೊತ್ತಿನಲ್ಲಿ ತಂಟೆ ಬೇಡ, ಗಲಾಟೆಯಾಗುವಂತಿದ್ದರೆ ಪದವನ್ನು ನಿಲ್ಲಿಸಿಬಿಡಿ ಎಂದರು. ಅದು ತಪ್ಪು ಸಲಹೆಯೇನಲ್ಲ. ನಿಲ್ಲಿಸುವ ಮುಂಚೆ ಒಮ್ಮೆ ಕೇಳೋಣವೆಂದು ಲಾಲಸಾಬನನ್ನು ಕರೆಸಿದೆ. ಮಧ್ಯಾಹ್ನ ಬಂದ. ಐವತ್ತರ ಆಸುಪಾಸಿನ ಬಡಕಲು ಮನುಷ್ಯ, ತಲೆಗೆ ರುಮಾಲು, ಗಡ್ಡದಲ್ಲೆಲ್ಲ ಹತ್ತಿಯ ಎಳೆ. ಕಮಾನನ್ನು ಠಾಣೆಯ ಬಾಗಿಲಿಗೆ ಒರಗಿಸಿ ಕೈ ಮುಗಿದ.

"ಯಾರ ಮನಿ ಪದ ಇದು?" ಎಂದೆ.

"ಮದಲ ಕೇಳ್ರಿ ಸಾಹೇಬ್ರ. ಆಮ್ಯಾಲ ನೀವ ಹೇಳ್ರಿ."

ನೆಲದ ಮೇಲೆ ಕೂತು, ತಲೆ ತಗ್ಗಿಸಿ ಹಾಡಿದ. ದನಿ ಅಂಥ ದೊಡ್ಡದೇನಲ್ಲ. ಎಲ್ಲೂ ಎಳೆಯಲಿಲ್ಲ, ನಡುಗಿಸಲಿಲ್ಲ. ದಾರಿ ಕೇಳಿದವನಿಗೆ ದಾರಿ ಹೇಳುವಂತೆ ಹೇಳಿಕೊಂಡು ಹೋದ. ಕರ್ಬಲಾದ ಬಾಯಾರಿದ ಮಕ್ಕಳು ಮೊದಲು ಬಂದರು. ಆಮೇಲೆ ಭೀಮೆಯ ದಂಡೆಯ ಮೇಲಿದ್ದೂ ಬಾಯಾರಿದ ಒಬ್ಬ ಹುಡುಗಿ ಬಂದಳು. ಅಣ್ಣ ಅವಳನ್ನು ನೋಡಲು ಗಂಡನ ಮನೆಗೆ ಹೋಗಿದ್ದಾನೆ.

ಸುಡು ಸುಡು ಬಿಸಲಾಗ ತುಂಬತೋಳ ಕುಪ್ಪಸ
ಚಲೋ ಅದೀನಣ್ಣ ಅಂದಾಳೊ ತಂಗಿ

ಅವಳು ರೊಟ್ಟಿ ನೀಡುತ್ತಾಳೆ. ಅವನು ಉಣ್ಣುತ್ತಾನೆ. ಬರುತ್ತೇನೆಂದು ಏಳುತ್ತಾನೆ. ಅಷ್ಟೇ ಕತೆ. ಕೊನೆಗೆ ಹೀಗಿತ್ತು:

ಮಾಳಗಿ ಏರಿ ನಿಂತ ನೋಡ್ಯಾಳೊ ತಂಗಿ
ಅಣ್ಣನ ರುಮಾಲ ಸಣ್ಣಾಗುತನಕ

ಎರಡನೇ ಸಾಲು ಮೇಳದವರದು. ಠಾಣೆಯಲ್ಲಿ ಮೇಳ ಎಲ್ಲಿಂದ ಬರಬೇಕು? ಅವನು ಅಭ್ಯಾಸಬಲದಿಂದ ಮೊದಲ ಸಾಲಿಗೆ ನಿಲ್ಲಿಸುತ್ತಿದ್ದ. ಆ ಖಾಲಿಯಲ್ಲಿ ನಮ್ಮ ಹೆಡ್ ಕಾನ್‌ಸ್ಟೇಬಲ್ ಶರಣಪ್ಪ, ಕಾಗದಪತ್ರಗಳ ನಡುವೆ ಕೂತವನು, ಕೆಳದನಿಯಲ್ಲಿ ಎರಡನೇ ಸಾಲು ಹೇಳುತ್ತಿದ್ದುದು ಕೇಳಿಸಿತು. ಪದ ಅವನಿಗೆ ಬಾಯಿಗೇ ಬರುತ್ತಿತ್ತು. ಮುಗಿಯುವ ಹೊತ್ತಿಗೆ ಒಬ್ಬ ಕಾನ್‌ಸ್ಟೇಬಲ್ ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋಗಿದ್ದ. ಸುಳ್ಳು ಯಾಕೆ ಹೇಳಲಿ, ಮದುವೆಯಾಗಿ ದೂರ ಹೋದ ನನ್ನ ತಂಗಿಗೆ ಕಾಗದ ಬರೆದು ಎಷ್ಟು ದಿನವಾಯಿತೆಂದು ಯೋಚಿಸುತ್ತಿದ್ದೆ.

ಆಮೇಲೆ ಪೊಲೀಸ್ ಬುದ್ಧಿಯಿಂದ ಪದವನ್ನು ತಿರುವಿ ತಿರುವಿ ನೋಡಿದೆ. ಹೊಡೆದರು ಎಂಬ ಮಾತಿಲ್ಲ. ಅತ್ತಳು ಎಂಬ ಮಾತೂ ಇಲ್ಲ. ಅತ್ತೆ, ಮಾವ, ಗಂಡ ಯಾರೂ ಪದದೊಳಗೆ ಬರುವುದೇ ಇಲ್ಲ. ತೋಳು ತುಂಬಿದ ಒಂದು ಕುಪ್ಪಸ, ರೊಟ್ಟಿ, ರುಮಾಲು, ಇಷ್ಟೇ ಇತ್ತು. ಉಳಿದದ್ದನ್ನು ಕೇಳುವವರೇ ತಮ್ಮ ಮನೆಯಿಂದ ತಂದು ತುಂಬಿಕೊಳ್ಳುತ್ತಿದ್ದರು. ಅವನು ಅತ್ತು ಹಾಡಿದ್ದರೆ ನಾವು ಅವನನ್ನು ನೋಡಿ ಪಾಪ ಅನ್ನುತ್ತಿದ್ದೆವು, ಅಲ್ಲಿಗೆ ಮುಗಿಯುತ್ತಿತ್ತು.

"ಎಷ್ಟು ಮಂದಿ ಬಂದಿದ್ರಿ, ನಮ್ಮ ಮನಿದು ಅಂತ?" ಲಾಲಸಾಬ ಕೇಳಿದ.

"ಇಬ್ಬರು. ಅಲ್ಲ ಅನ್ನಾಕ ಇನ್ನೊಬ್ಬರು."

"ಅವರದಲ್ಲರಿ. ನಂದು."

ಅವನ ತಂಗಿಯನ್ನು ಆಳಂದದ ಕಡೆಗೆ ಕೊಟ್ಟಿದ್ದರಂತೆ. ಒಂದು ಬೇಸಿಗೆಯಲ್ಲಿ ನೋಡಲು ಹೋಗಿದ್ದ. ಮುಂದಿನ ವರ್ಷ ಹೋದದ್ದು ಮಣ್ಣಿಗೆ.

"ಕುಪ್ಪಸ ನೋಡಿದ್ದೆನ್ರಿ. ಕೇಳಲಿಲ್ಲ. ಹಳ್ಳ ದಾಟೋತನಕ ಹೊಳ್ಳಿ ನೋಡಲಿಲ್ಲ. ನೋಡಿದ್ರ ಕರಕೊಂಡು ಬರಬೇಕಾಗ್ತಿತ್ತು."

ಹಿಂತಿರುಗಿ ನೋಡಲೇ ಇಲ್ಲ ಅಂದಮೇಲೆ ನನ್ನ ವೃತ್ತಿಯ ಚಟ ಎಲ್ಲಿ ಹೋದೀತು? "ಹೊಳ್ಳಿ ನೋಡಲಿಲ್ಲ ಅಂತಿ. ಆಕಿ ಮಾಳಗಿ ಮ್ಯಾಲ ನಿಂತಿದ್ಲು ಅಂತ ನಿನಗ ಹ್ಯಾಂಗ ಗೊತ್ತು?"

ಅವನು ಎದ್ದು ನಿಂತ. "ನಿಂತಿರ್ತಾಳ್ರಿ," ಎಂದಷ್ಟೇ ಹೇಳಿ, ಕಮಾನು ಎತ್ತಿಕೊಂಡು ಹೋದ.

ಅವನು ಹೋದಮೇಲೆ ಶರಣಪ್ಪ ನನ್ನ ಮೇಜಿನ ಬಳಿ ಬಂದ. ಅವನ ಮಗಳನ್ನು ಜೇವರ್ಗಿಗೆ ಕೊಟ್ಟಿತ್ತು. "ಒಂದಿನ ರಜಾ ಬೇಕ್ರಿ, ಸಾಹೇಬ್ರ. ಜೇವರ್ಗಿಗೆ ಹೋಗಿ ಬರ್ತೇನಿ." ಹಬ್ಬದ ಬಂದೋಬಸ್ತಿನ ದಿನಗಳಲ್ಲಿ ರಜೆ ಕೊಡುವುದಿಲ್ಲ. ಕೊಟ್ಟೆ. ಮರುದಿನ ಸಂಜೆಯೇ ನಗುತ್ತ ವಾಪಸಾದ. ಮಗಳು ನಿಜಕ್ಕೂ ಚೆನ್ನಾಗಿದ್ದಳು. ಹೇಳದೆ ಕೇಳದೆ ಬರಿಗೈಯಲ್ಲಿ ಬಂದದ್ದಕ್ಕೆ ಅಪ್ಪನಿಗೆ ಸರಿಯಾಗಿ ಬೈದಿದ್ದಳಂತೆ.

ನನ್ನ ತಲೆಯಲ್ಲಿ ಕೊರೆಯುತ್ತಿದ್ದುದು ಗುರುಲಿಂಗಪ್ಪನವರ ಕುಪ್ಪಸದ ಮಾತು. ಮೊದಲ ಇಬ್ಬರ ಮನೆಯಲ್ಲಿ ಆಗುವುದೆಲ್ಲ ಆಗಿಹೋಗಿತ್ತು. ಈ ಮನೆಯ ಸೊಸೆ ಇನ್ನೂ ಮನೆಯೊಳಗೇ ಇದ್ದಳು.

ಬಂದೋಬಸ್ತಿನ ನೆಪ ಹೇಳಿಕೊಂಡು ಶರಣಪ್ಪನ ಜೊತೆ ಅಲ್ಲಿಗೆ ಹೋದೆ. ಯಜಮಾನರೂ ಮಗನೂ ಹೊಲಕ್ಕೆ ಹೋಗಿದ್ದರು. ಕುಡಿಯಲು ನೀರು ಕೇಳಿದೆ. ಸೊಸೆ ತಂದಳು, ಮಹಾದೇವಿ ಎಂದು ಹೆಸರು, ಇಪ್ಪತ್ತರ ಒಳಗಿನ ಹುಡುಗಿ. ಬೆವರು ಕಿತ್ತುಬರುವ ಮಧ್ಯಾಹ್ನದಲ್ಲಿ ಮಣಿಕಟ್ಟಿನ ತನಕ ತೋಳಿನ ಕುಪ್ಪಸ. ಅತ್ತೆ ಬಾಗಿಲಲ್ಲೇ ನಿಂತಿದ್ದರು, ಮಾಮೂಲಿ ಗಿಡ್ಡ ತೋಳಿನ ಕುಪ್ಪಸದಲ್ಲಿ. ರಿವಾಜಿನ ಕತೆ ಅಲ್ಲಿಗೆ ಮುಗಿಯಿತು.

"ಹ್ಯಾಂಗದೀಯವ್ವಾ?" ಎಂದೆ.

"ಚಲೋ ಅದೀನ್ರಿ."

ಶರಣಪ್ಪ ಮುಖ ಆ ಕಡೆ ತಿರುಗಿಸಿದ.

ಗಂಡನ ಮನೆಯವರ ಕ್ರೌರ್ಯಕ್ಕೆ ಶಿಕ್ಷೆ ಕೊಡುವ ಕಲಂ ಕಾಯ್ದೆಯೊಳಗೆ ಸೇರಿ ಆಗ ಎರಡು ವರ್ಷವಾಗಿತ್ತು. ಆದರೆ ಅವಳು, ಇಲ್ಲವೇ ಅವಳ ಕಡೆಯವರು ಬಾಯಿ ಬಿಡಬೇಕು. ಖಾಕಿ ತೊಟ್ಟವನ ಮುಂದೆ, ಅತ್ತೆಯ ಎದುರಿಗೆ, ಅವಳು ಬಿಡುವುದಿಲ್ಲ. ಒತ್ತಾಯ ಮಾಡಿ ನಾವು ಹೊರಟುಹೋದರೆ ಆಮೇಲೆ ಅವಳ ಗತಿ ಏನಾಗುತ್ತದೆಂದು ನನಗೆ ಗೊತ್ತಿತ್ತು. ತವರು ಯಾವುದೆಂದು ಮಾತ್ರ ಕೇಳಿಕೊಂಡು ಎದ್ದೆ.

ತವರು ಚೌಡಾಪುರದ ಹತ್ತಿರ. ಅಣ್ಣ ಸಿದ್ಧರಾಮ ಚೌಡಾಪುರದ ರಸ್ತೆ ಬದಿಯಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ. ಪೊಲೀಸರನ್ನು ನೋಡಿ ಎದ್ದು ನಿಂತ. ತಂಗಿಯನ್ನು ಕೆಲವು ದಿನ ಕರೆದುಕೊಂಡು ಬಾ ಎಂದೆ.

"ಕೇಳಿದಾಗೆಲ್ಲ ಚಲೋ ಅದೀನಿ ಅಂತಾಳ್ರಿ. ಆಕಿನ ಹಂಗ ಅಂದ ಮ್ಯಾಲ ನಾ ಹ್ಯಾಂಗ ಕರೀಲಿ? ಬೀಗರು ಏನಂದಾರು?"

"ಲಾಲಸಾಬನ ಪದ ಕೇಳೀಯೇನು?"

ಕೈಯಲ್ಲಿದ್ದ ಟ್ಯೂಬನ್ನು ಒರೆಸುತ್ತ ನಿಂತ. "ಕೇಳೀನ್ರಿ. ಪೂರಾ ಕೇಳಲಿಲ್ಲ. ನಡುವ ಎದ್ದು ಬಂದೆ."

ಯಾಕೆ ಎಂದು ಕೇಳುವ ಅಗತ್ಯ ಇರಲಿಲ್ಲ. ಪೂರಾ ಕೇಳದವನಿಗೆ ಉಳಿದದ್ದನ್ನು ನಾನು ಹೇಳಿದೆ. ರಾಗ ನನಗೆ ಬರುವುದಿಲ್ಲ, ಬರೀ ಮಾತಲ್ಲಿ ಹೇಳಿದೆ. ಆ ಅಣ್ಣ ಯಾರು, ಹೊಳ್ಳಿ ನೋಡಿದ್ದರೆ ಏನು ಮಾಡಬೇಕಾಗುತ್ತಿತ್ತು ಎಂದು ಲಾಲಸಾಬ ಅಂದದ್ದನ್ನೂ ಹೇಳಿದೆ. ಸಿದ್ಧರಾಮ ಟ್ಯೂಬನ್ನು ಕೆಳಗಿಟ್ಟ. ನಾಳೆ ಹೋಗುತ್ತೇನೆ ಎಂದಷ್ಟೇ ಅಂದ.

ಮರುದಿನ ನಮ್ಮ ಜೀಪು ಗುರುಲಿಂಗಪ್ಪನವರ ಊರಿನ ಹೊರಗೆ, ಹಳ್ಳದ ಈಚೆ ದಂಡೆಯ ಬೇವಿನ ಮರದ ಕೆಳಗೆ ನಿಂತಿತ್ತು. ಅಣ್ಣ ತಂಗಿಯನ್ನು ಕರೆಯಲು ಹೋಗುವುದು ಮನೆಯ ಮಾತು. ತಡೆದು ಗಲಾಟೆ ಮಾಡಿದರೆ ಅದು ಠಾಣೆಯ ಮಾತಾಗುತ್ತದೆ. ಅದಕ್ಕಾಗಿ ಕಾದಿದ್ದೆವು. ಬಿಸಿಲು ಇಳಿಯುವ ಹೊತ್ತಿಗೆ ಸಿದ್ಧರಾಮ ಬಂದ. ಒಬ್ಬನೇ ಬಂದ. ಸೈಕಲ್ ತಳ್ಳಿಕೊಂಡು, ನೆಲ ನೋಡುತ್ತ ಬಂದ. ನನಗೆ ನಿರಾಸೆಯಾಯಿತು, ಸಿಟ್ಟೂ ಬಂತು. ಅವಳು ಮತ್ತೆ ಅದೇ ಮಾತು ಹೇಳಿರಬೇಕು, ಇವನು ರೊಟ್ಟಿ ಉಂಡು ಎದ್ದಿರಬೇಕು.

ಹಳ್ಳದ ಆಚೆ ದಂಡೆಯಲ್ಲಿ ನಿಂತ. ಸೈಕಲ್ಲನ್ನು ನೀರಿಗೆ ಇಳಿಸಿದ. ಆಮೇಲೆ ಹೊಳ್ಳಿ ನೋಡಿದ.

ನಮ್ಮ ಕಣ್ಣಿಗೂ ಕಾಣುತ್ತಿತ್ತು. ಸಾಲುಮನೆಗಳ ಮಣ್ಣಿನ ಮಾಳಿಗೆಗಳಲ್ಲಿ ಒಂದರ ಮೇಲೆ ಹಸಿರು ಸೀರೆಯೊಂದು ಅಲುಗಾಡದೆ ನಿಂತಿತ್ತು.

ಸಿದ್ಧರಾಮ ಸೈಕಲ್ಲನ್ನು ನೀರಿನಲ್ಲೇ ಬಿಟ್ಟು ಓಡಿದ. ಗುರುಲಿಂಗಪ್ಪನವರು ಕೂಗಾಡಿದ್ದು ಹಳ್ಳದ ತನಕ ಕೇಳಿಸಿತು. ನಾವು ಜೀಪನ್ನು ಊರೊಳಗೆ ತಂದು ನಿಲ್ಲಿಸಿದೆವು, ಕೆಳಗಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಅಣ್ಣ ತಂಗಿ ಹೊರಗೆ ಬಂದರು. ಅವಳ ಕೈಯಲ್ಲಿ ಗಂಟು ಕೂಡ ಇರಲಿಲ್ಲ. ತವರಿಗೆ ಹೋದ ಮೇಲೆ ಅತ್ತಿಗೆಗೆ ತೋಳು ತೋರಿಸಿದಳು. ಸುಟ್ಟ ಗಾಯಗಳು; ಕೆಲವು ಹಳೆಯವು, ಕೆಲವು ಆ ವಾರದವು. ದೂರು ದಾಖಲಾಯಿತು. ಮೊಕದ್ದಮೆ ಮುಗಿಯುವ ಮುಂಚೆ ನನಗೆ ವರ್ಗವಾಯಿತು. ಮಹಾದೇವಿ ಆ ಮನೆಗೆ ತಿರುಗಿ ಹೋಗಲಿಲ್ಲ ಎಂಬುದು ಮಾತ್ರ ನನಗೆ ಗೊತ್ತು. ಮೊದಲ ದೂರುದಾರರ ಸೊಸೆಯ ಕಡತವನ್ನೂ ತೆಗೆಸಿ ಮರುವಿಚಾರಣೆ ಮಾಡಿದೆ. ಎರಡು ವರ್ಷದ ಮೇಲೆ ಯಾವ ಸಾಕ್ಷಿಯೂ ಸಿಗಲಿಲ್ಲ.

ಪದವನ್ನು ನಾನು ನಿಲ್ಲಿಸಲಿಲ್ಲ. ಹೆಸರಿಲ್ಲದ ಪದದಿಂದ ಯಾರ ಮಾನವೂ ಹೋಗುವುದಿಲ್ಲ ಎಂದು ಮೇಲಧಿಕಾರಿಗಳಿಗೆ ವರದಿ ಬರೆದೆ. ಹಬ್ಬ ಗಲಾಟೆಯಿಲ್ಲದೆ ಮುಗಿಯಿತು. ಅದಾದ ಕೆಲವು ದಿನಕ್ಕೆ ಅಫಜಲಪುರದ ಒಂದು ಮನೆಯ ಅಂಗಳದಲ್ಲಿ ಲಾಲಸಾಬ ಹತ್ತಿ ಹಿಂಜುತ್ತ ಕೂತದ್ದು ಕಂಡಿತು. ಜೀಪು ನಿಲ್ಲಿಸಿ, ನಡೆದದ್ದನ್ನು ಹೇಳಿದೆ. ಅವನು ಗುರುಲಿಂಗಪ್ಪನ ಬಗ್ಗೆ ಕೇಳಲಿಲ್ಲ, ಮೊಕದ್ದಮೆಯ ಬಗ್ಗೆಯೂ ಕೇಳಲಿಲ್ಲ.

"ನಿಂತಿದ್ಲೇನ್ರಿ, ಮಾಳಗಿ ಮ್ಯಾಲ?"

"ನಿಂತಿದ್ಲು."

ಲಾಲಸಾಬ ರುಮಾಲು ಬಿಚ್ಚಿ, ಮುಖಕ್ಕೆ ಒತ್ತಿಕೊಂಡು ಕೂತ. ಪದ ಹಾಡುವಾಗ ಅಳದವನು ಆಗ ಅತ್ತ. ನಾನು ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದು ಜೀಪು ಹತ್ತಿದೆ.

ಆಮೇಲೂ ಎಷ್ಟೋ ವರ್ಷ ನೌಕರಿ ಮಾಡಿದೆ, ಎಷ್ಟೋ ಮನೆಗಳಿಗೆ ವಿಚಾರಣೆಗೆ ಹೋದೆ. ಹೋದಲ್ಲೆಲ್ಲ ಜನ ಚೆನ್ನಾಗಿದ್ದೇವೆ ಎನ್ನುತ್ತಿದ್ದರು, ನಾನು ಬರೆದುಕೊಂಡು ಏಳುತ್ತಿದ್ದೆ. ಆದರೆ ಓಣಿ ತಿರುಗುವ ಮುಂಚೆ ಒಮ್ಮೆ ನಿಂತು ಹೊಳ್ಳಿ ನೋಡುವುದನ್ನು ಆ ಠಾಣೆಯಲ್ಲಿ ಕಲಿತೆ, ನಿವೃತ್ತಿಯ ತನಕ ಬಿಡಲಿಲ್ಲ. ಹೆಚ್ಚಿನ ಸಲ ಅಲ್ಲಿ ಯಾರೂ ಇರುತ್ತಿರಲಿಲ್ಲ. ಕೆಲವು ಸಲ ಇರುತ್ತಿದ್ದರು.